ಟಾಕೀಸಿನಲ್ಲಿ ಕೂಗಿದ ಹೆಸರುಗಳು

1983ರ ಬೇಸಿಗೆ. ಆಗ ನಾನು ಯಲಹಂಕದ ಪಕ್ಕದ ಅಟ್ಟೂರಿನಿಂದ ದಿನಾ ಬಸ್ ಹಿಡಿದು ಆರ್.ಟಿ. ನಗರಕ್ಕೆ ಕೆಲಸಕ್ಕೆ ಬರುತ್ತಿದ್ದೆ. ಏನು ಕೆಲಸ ಎಂದು ಕೇಳಿದವರಿಗೆ "ಕಾರ್ಟೂನ್ ಪಿಕ್ಚರ್ ಮಾಡ್ತೀವಿ" ಅಂದರೆ, "ಅಯ್ಯೋ, ಅದು ಫಾರಿನ್‌ನಲ್ಲಿ ತಾನೇ ಮಾಡೋದು?" ಎಂದು ನಗುತ್ತಿದ್ದರು. ನಗಲಿ. ಒಂದು ಮನೆಯ ಮಹಡಿಯಲ್ಲಿ ನಾವು ಅದನ್ನೇ ಮಾಡುತ್ತಿದ್ದೆವು.

ಮುಂದಿನ ಕೋಣೆಯಲ್ಲಿ ಗಂಡಸರು ಕಾಗದದ ಮೇಲೆ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತಿದ್ದರು. ಬೊಂಬೆ ಒಂದು ಕೈ ಎತ್ತಬೇಕೆಂದರೂ ಒಂದರ ಹಿಂದೆ ಒಂದು ಹತ್ತಾರು ಚಿತ್ರ ಬೇಕು. ಹಿಂದಿನ ಕೋಣೆಯಲ್ಲಿ ನಾವು ಹೆಂಗಸರು: ಎಲ್ಲರಿಗಿಂತ ಹಿರಿಯರಾದ ಪಂಕಜಕ್ಕ, ನಸೀಮಾ, ಸರೋಜಾ, ಮತ್ತೆ ನಾನು ಗಿರಿಜಾ. ಆ ಚಿತ್ರಗಳ ಮೇಲೆ ಗಾಜಿನಂಥ ತೆಳು ಹಾಳೆ ಇಟ್ಟು, ನಿಬ್ಬಿನಿಂದ ಗೆರೆ ಎಳೆದು, ಹಾಳೆ ಮಗುಚಿ ಹಿಂಬದಿಗೆ ಬಣ್ಣ ತುಂಬುವುದು ನಮ್ಮ ಪಾಲು. ಫ್ಯಾನ್ ಹಾಕುವಂತಿಲ್ಲ, ಹಾಳೆಗಳು ಹಾರುತ್ತವೆ. ಗೆರೆ ಒಂಚೂರು ದಪ್ಪವಾದರೂ ಪರದೆಯ ಮೇಲೆ ಬೊಂಬೆಯ ಮುಖ ಗಡಗಡ ನಡುಗುತ್ತದೆ. ಹಾಗಾಗಿ ಉಸಿರು ಬಿಗಿಹಿಡಿದು ಎಳೆಯಬೇಕಿತ್ತು. ಕ್ಯಾಮೆರಾದಲ್ಲಿ ತೆಗೆದಾದ ಮೇಲೆ ಅದೇ ಹಾಳೆಗಳನ್ನು ಟಬ್ಬಿನಲ್ಲಿ ತೊಳೆದು ಮುಂದಿನ ಚಿತ್ರಕ್ಕೆ ಎತ್ತಿಡುತ್ತಿದ್ದೆವು. ವಾರಗಟ್ಟಲೆ ಕೂತು ಮಾಡಿದ ಮುಖಗಳೆಲ್ಲ ಬಣ್ಣದ ನೀರಾಗಿ ಬಚ್ಚಲಿಗೆ ಹೋಗುತ್ತಿದ್ದವು. ಉಳಿಯುತ್ತಿದ್ದದ್ದು ರೀಲು ಒಂದೇ.

ಆ ಸಲ ಮಾಡಿದ್ದು ನೀರು ಕುದಿಸಿ ಕುಡಿಯಿರಿ ಎಂದು ಹೇಳುವ ಕಿರುಚಿತ್ರ, ಟಾಕೀಸುಗಳಲ್ಲಿ ಸಿನಿಮಾಕ್ಕೆ ಮೊದಲು ತೋರಿಸುವಂಥದ್ದು. ಕೊನೆಯಲ್ಲಿ ಬರುವ ಹೆಸರಿನ ಹಾಳೆ ಮಾತ್ರ ಬಾಕಿ ಇತ್ತು. ನನ್ನ ಅಕ್ಷರ ದುಂಡಗಿದ್ದುದರಿಂದ ಅದನ್ನು ಬರೆಯುವುದು ನನ್ನ ಕೆಲಸ. ನಮ್ಮ ಯಜಮಾನರಾದ ಮೂರ್ತಿ ಸಾರ್ ಕೊಟ್ಟ ಚೀಟಿಯಲ್ಲಿ ಚಿತ್ರ ಬಿಡಿಸಿದವರು, ಕ್ಯಾಮೆರಾದವರು ಎಲ್ಲರೂ ಇದ್ದರು. ಮಧ್ಯಾಹ್ನ ಊಟದ ಕ್ಯಾರಿಯರ್ ತರುತ್ತಿದ್ದ ಅವರ ಭಾವಮೈದುನ ಕೂಡ 'ನಿರ್ವಹಣೆ' ಎಂದು ರಾಜನ ಹಾಗೆ ಕೂತಿದ್ದ. ನಮ್ಮ ಒಬ್ಬರ ಹೆಸರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಚೀಟಿಯಲ್ಲಿದ್ದದ್ದನ್ನೆಲ್ಲ ಬರೆದು, ಕೆಳಗೆ 'ರೇಖೆ ಮತ್ತು ಬಣ್ಣ' ಎಂದು ಸೇರಿಸಿ ನಮ್ಮ ನಾಲ್ವರ ಹೆಸರನ್ನೂ ಬರೆದುಬಿಟ್ಟೆ.

ಮೂರ್ತಿ ಸಾರ್ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಏನಮ್ಮಾ ಇದು? ನಾನು ಹೇಳಿದ್ನಾ ಇದನ್ನ ಬರಿ ಅಂತ?"

"ಇಲ್ಲ ಸಾರ್. ಮರ್ತಿದ್ದೀರ ಅನ್ಕೊಂಡೆ."

"ಗೆರೆ ಮೇಲೆ ಗೆರೆ ಎಳೆಯೋರಿಗೆಲ್ಲ ಹೆಸರು ಹಾಕೋ ಪದ್ಧತಿ ಎಲ್ಲೂ ಇಲ್ಲ ಕಣಮ್ಮ. ತೊಳೆದು ಬೇರೆ ಬರಿ. ಮಧ್ಯಾಹ್ನ ಶೂಟಿಂಗು."

"ತೊಳೆಯಲ್ಲ ಸಾರ್."

ಮುಂದಿನ ಕೋಣೆಯವರೂ ಪೆನ್ಸಿಲು ಕೆಳಗಿಟ್ಟು ನೋಡತೊಡಗಿದರು. ಸಾರ್ ದನಿ ಸ್ವಲ್ಪ ಇಳಿಸಿದರು. "ಸರಿ, 'ಮತ್ತು ಇತರರು' ಅಂತ ಹಾಕು. ಆಯ್ತಲ್ಲ?"

"ಇತರರು ಅಂದ್ರೆ ಯಾರು ಸಾರ್? ಇಲ್ಲಿ ಕೂತು ಕೂತೇ ಪಂಕಜಕ್ಕನ ಕಣ್ಣು ಮಂಜಾಗಿರೋದು. ಅವರು ಇತರರಾ?"

ಆಗ ಅವರು ನನ್ನನ್ನು ಪಕ್ಕಕ್ಕೆ ಕರೆದರು. ದನಿ ಬೆಣ್ಣೆಯಾಗಿತ್ತು. "ನೋಡು ಗಿರಿಜಾ, ನಿನ್ನೊಬ್ಬಳ ಹೆಸರು ಹಾಕ್ಕೋ. ಅಕ್ಷರ ನಿಂದೇ ತಾನೇ? ಮಿಕ್ಕೋರಿಗೆ ನಾನು ಹೇಳ್ಕೋತೀನಿ."

ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು. ಅಷ್ಟು ದೊಡ್ಡ ಪರದೆಯ ಮೇಲೆ ನನ್ನ ಹೆಸರು! ಆದರೆ ಬಾಗಿಲಲ್ಲಿ ಪಂಕಜಕ್ಕ ನಿಂತಿದ್ದರು, ಬೆರಳಿಗೆಲ್ಲ ಬಣ್ಣ ಮೆತ್ತಿಕೊಂಡು. ಅವರ ಮುಖ ನೋಡಿ ಆಸೆಯೆಲ್ಲ ಇಳಿದುಹೋಯಿತು.

"ಎಲ್ಲಾರ್ದೂ ಇರ್ಬೇಕು ಸಾರ್. ಇಲ್ಲಾಂದ್ರೆ ನಂದೂ ಬೇಡ."

"ಹಂಗಾದ್ರೆ ನಾಳೆಯಿಂದ ಬರ್ಬೇಡ."

"ನಾಳೆ ಯಾಕೆ, ಈಗ್ಲೇ ಹೊರಟೆ" ಎಂದು ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲಿಳಿದೆ. ಹೆಬ್ಬಾಳದ ಕೆರೆ ದಾಟುವವರೆಗೂ ಕೋಪ ಕುದಿಯುತ್ತಿತ್ತು. ಆಮೇಲೆ ಬಸ್ಸಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಸಾರ್ ಯಾರೋ ಬೋರ್ಡ್ ಬರೆಯುವವನನ್ನು ಕರೆಸಿ ಬೇರೆ ಹಾಳೆ ಬರೆಸಿದರಂತೆ, ನಮ್ಮ ಹೆಸರಿಲ್ಲದೆ. ಮಳೆಗಾಲ ಶುರುವಾದ ಮೇಲೆ ಒಂದು ಭಾನುವಾರ ನಸೀಮಾ ನಮ್ಮ ಮನೆ ಹುಡುಕಿಕೊಂಡು ಬಂದಳು.

"ನಮ್ ಪಿಕ್ಚರ್ ಯಶವಂತಪುರದ ಟಾಕೀಸಿಗೆ ಬಂದೈತೆ ಕಣೇ. ಹೋಗೋಣ ಬಾ."

"ಯಾವ ಸುಖಕ್ಕೆ? ಹೆಸ್ರೇ ಇಲ್ವಲ್ಲ."

"ಗೆರೆ ನಮ್ದೇ ತಾನೇ? ನಮ್ ಕೈಕೆಲ್ಸ ನಾವೇ ನೋಡ್ದಿದ್ರೆ ಇನ್ಯಾರೇ ನೋಡ್ತಾರೆ? ಎದ್ದೇಳು!"

ಮ್ಯಾಟಿನಿ ಆಟ, ಟಾಕೀಸು ತುಂಬಿತ್ತು. ಪಂಕಜಕ್ಕ, ಸರೋಜಾ ಮೊದಲೇ ಬಂದು ಹೆಂಗಸರ ಕಡೆ ಜಾಗ ಹಿಡಿದಿದ್ದರು. ದೀಪ ಆರಿತು. ನಮ್ಮ ಬೊಂಬೆ ಹೆಂಗಸು ನೀರು ಸೇದಿದಳು, ಪಾತ್ರೆ ಒಲೆಯ ಮೇಲಿಟ್ಟಳು, ಹಬೆ ಸುರುಳಿ ಸುರುಳಿಯಾಗಿ ಮೇಲೆದ್ದಿತು. ಆ ಹಬೆಯ ಗೆರೆಯಷ್ಟೂ ಪಂಕಜಕ್ಕನದು. ಎಲ್ಲೂ ನಡುಗಲಿಲ್ಲ. ಮುಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿ ನಕ್ಕರು.

ಆಮೇಲೆ ಹೆಸರುಗಳು ಬಂದವು. ಕ್ಯಾಮೆರಾದವರು ಬಂದರು, ಭಾವಮೈದುನನೂ ಬಂದ. ನನಗೆ ನೋಡಲಾಗಲಿಲ್ಲ, ತಲೆ ತಗ್ಗಿಸಿದೆ. ಅಷ್ಟರಲ್ಲಿ ಪಕ್ಕದಲ್ಲಿ ಕುರ್ಚಿ ಕಿರ್ರೆಂದಿತು. ಗಟ್ಟಿಯಾಗಿ ಕೆಮ್ಮಲೂ ಹಿಂಜರಿಯುತ್ತಿದ್ದ ಪಂಕಜಕ್ಕ ಎದ್ದು ನಿಂತು, ಇಡೀ ಟಾಕೀಸಿಗೆ ಕೇಳುವಂತೆ ಕೂಗಿದರು: "ಪಂಕಜಮ್ಮ!"

ನಾನು ಬೆಚ್ಚಿಬಿದ್ದೆ. ಅವರು ಮೂವರೂ ಇನ್ನೂ ಮೂರ್ತಿ ಸಾರ್ ಹತ್ತಿರವೇ ಕೆಲಸದಲ್ಲಿದ್ದರು. ಸಾರ್ ಕಿವಿಗೆ ಬಿದ್ದರೆ ಮುಗಿಯಿತು ಕಥೆ. ಪಂಕಜಕ್ಕನ ಸೆರಗು ಹಿಡಿದು ಕೂರಿಸಲು ಹೋದೆ. ಅಷ್ಟರಲ್ಲಿ ನಸೀಮಾ ಎದ್ದಳು. "ನಸೀಮಾ!" ಸರೋಜಾ ಎದ್ದಳು. "ಸರೋಜಾ!" ಮೂವರೂ ನನ್ನ ಕಡೆ ನೋಡಿದರು. ನಾನೂ ಎದ್ದು, ಗಂಟಲು ಹರಿಯುವಂತೆ ನನ್ನ ಹೆಸರನ್ನು ನಾನೇ ಕೂಗಿದೆ.

ಗೇಟಿನವನು ಟಾರ್ಚು ಬಿಟ್ಟುಕೊಂಡು ಓಡಿಬಂದ. "ಏನ್ರಮ್ಮಾ ಇದು ಗಲಾಟೆ? ಯಾರನ್ನ ಕರೀತಿದ್ದೀರ?"

"ಯಾರನ್ನೂ ಕರೀತಿಲ್ಲಪ್ಪ" ಎಂದರು ಪಂಕಜಕ್ಕ. "ಅಲ್ಲಿ ಬಿಟ್ಟೋಗಿತ್ತು. ಓದಿದ್ವಿ, ಅಷ್ಟೇ."

ಮರುದಿನ ಅವರು ಮೂವರೂ ಎಂದಿನಂತೆ ಕೆಲಸಕ್ಕೆ ಹೋದರು. ನಾನು ಮತ್ತೆ ಆ ಮಹಡಿ ಹತ್ತಲಿಲ್ಲ. ಗೆರೆ ಎಳೆಯುವುದೆಂದರೆ ನನಗೆ ಪ್ರಾಣ, ಅಂಥ ಕೆಲಸ ಮತ್ತೆಲ್ಲೂ ಸಿಗಲಿಲ್ಲ, ಆ ಸಂಕಟ ಇವತ್ತಿಗೂ ಇದೆ. ಆದರೆ ನಾನು ಮಾಡಿದ್ದು ತಪ್ಪು ಎಂದು ಒಂದು ದಿನವೂ ಅನ್ನಿಸಿಲ್ಲ. ಕತ್ತಲಲ್ಲಿ ಪಂಕಜಕ್ಕ ಮೊದಲು ಎದ್ದು ನಿಂತದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಅವಕಾಶ ಸಿಕ್ಕರೆ ಮತ್ತೆ ಹಾಗೇ ಬರೆಯುತ್ತೇನೆ, ಅಳಿಸಿದರೆ ಮತ್ತೆ ಹಾಗೇ ಕೂಗುತ್ತೇನೆ.