ಮೊದಲು ಅಂಗಾಲು

ರಂಗಂಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಆಯಿ ಓಣಿಯ ಕೋಳಿಗಳಿಗೆಲ್ಲ ಡಾಕ್ಟರು. ಮೊಣಕಾಲು ನೋವೆಂದು ಅಂಗಳದ ನುಲಿ ಹೊರಸು ಬಿಟ್ಟು ಇಳಿಯುತ್ತಿರಲಿಲ್ಲ. ಊಟ, ಚಹಾ ಎಲ್ಲ ಸೊಸೆ ಅಲ್ಲಿಗೇ ತರಬೇಕು. "ಮೊದಲ ಅಂಗಾಲು ನೋಡಬೇಕವ್ವಾ" ಅನ್ನುವಳು ಆಯಿ, ಯಾರು ಕೋಳಿ ತಂದರೂ. ಮೂಗು ಸೋರುವ ಕೋಳಿ ಒಯ್ದರೂ ಮೊದಲು ಅಂಗಾಲೇ.

ನನ್ನ ಕರಿ ಕೋಳಿ ಕುಂಟತೊಡಗಿದಾಗ ನನ್ನ ಗಂಡ, "ಐತಾರದೊಳಗ ನೆಟ್ಟಗ ನಡೀಲಿಲ್ಲಂದ್ರ ಸಾರು ಮಾಡೂದೇ" ಅಂದ. ಅವುಚಿಕೊಂಡು ಆಯಿಯ ಬಳಿ ಓಡಿದೆ. ಅಂಗಾಲಿನ ಬಾವಿನಲ್ಲಿ ಜಾಲಿಮುಳ್ಳು ಮುರಿದಿತ್ತು. ಅದನ್ನು ಕಿತ್ತು, ಉಪ್ಪು ಹಾಕಿದ ಬಿಸಿನೀರಲ್ಲಿ ತೊಳೆದು, ಅರಿಶಿನ ಹಚ್ಚಿ ಬಟ್ಟೆ ಸುತ್ತಿದಳು. ನಾನು ದಿನಾ ಅಂಗೈಯಲ್ಲೇ ಜೋಳದ ನುಚ್ಚು ತಿನ್ನಿಸಿದೆ.

ಐತಾರ ಬಂತು, ಕೋಳಿ ಇನ್ನೂ ಕುಂಟುತ್ತಲೇ ಇತ್ತು. ಗಂಡ ಹಿಡಿಯಲು ಬಗ್ಗಿದ್ದೇ ತಡ, ಆಯಿ ಹೊರಸಿನಿಂದ ಹಾರಿ ಬಂದು ಕೋಳಿಯನ್ನು ಕಸಿದುಕೊಂಡು ತನ್ನ ಹಿತ್ತಲಿಗೆ ಓಡಿದಳು.

ನಾನು ಹಿಂದೆಯೇ ಹೋದೆ. ಕೋಳಿ ಅಲ್ಲಿ ಮಿಡತೆಯ ಬೆನ್ನುಹತ್ತಿ ಓಡುತ್ತಿತ್ತು. ನನ್ನನ್ನು ಕಂಡದ್ದೇ ಕುಂಟತೊಡಗಿತು. ಆಯಿಯೂ ಮೊಣಕಾಲು ಹಿಡಿದುಕೊಂಡು ದನಿ ತಗ್ಗಿಸಿದಳು:

"ಕೋಳಿ ಕಾಲು ಆರಾಮ ಆಗ್ಯಾದಂತ ನಿನ್ನ ಗಂಡಗ ಹೇಳವ್ವಾ. ನನ್ನ ಕಾಲಿಂದು ಮಾತ್ರ ನಮ್ಮ ಸೊಸೀಗೆ ಹೇಳಬ್ಯಾಡ."