ಸಿಂಕಿನಲ್ಲಿ ತೊಳೆದ ಪಿಸ್ತೂಲು

ಶನಿವಾರ ಬಂದರೆ ನಾನು ಕೌಬಾಯ್ ಟೋಪಿ ಹಾಕಿಕೊಂಡು, ಸ್ಯಾನ್ ಡಿಯಾಗೋದ ಆಚೆ ಗುಡ್ಡದಲ್ಲಿರುವ ಶೂಟಿಂಗ್ ರೇಂಜಿಗೆ ಹೋಗಿ, ಹಳೇ ಕಾಲದ ಪಿಸ್ತೂಲಿನಿಂದ ಕಬ್ಬಿಣದ ತಗಡುಗಳಿಗೆ ಗುಂಡು ಹೊಡೆಯುತ್ತೇನೆ. ತಗಡುಗಳಿಗೆ ಇದುವರೆಗೆ ಅಂಥಾ ತೊಂದರೆಯೇನೂ ಆಗಿಲ್ಲ.

ಈ ಪಿಸ್ತೂಲಿಗೆ ಪಟಾಕಿಯಲ್ಲಿರುವಂಥ ಕಪ್ಪು ಮದ್ದು ತುಂಬಬೇಕು. ತುಂಬಿ ಹೊಡೆದ ಮೇಲೆ ಅದೇ ದಿನ ಬಿಸಿನೀರು, ಸೋಪು ಹಾಕಿ ತೊಳೆಯಲೇಬೇಕು, ಇಲ್ಲದಿದ್ದರೆ ತುಕ್ಕು ಹಿಡಿಯುತ್ತೆ. ರೇಂಜಿನ ಮುದುಕ ಇಷ್ಟು ಹೇಳಿಕೊಟ್ಟಿದ್ದ. ಬಿಸಿನೀರು ಬಿದ್ದೊಡನೆ ಕೊಳೆತ ಮೊಟ್ಟೆಯ ವಾಸನೆ ಏಳುತ್ತೆ ಅನ್ನೋದನ್ನು ಮಾತ್ರ ಹೇಳಿರಲಿಲ್ಲ.

ಧಾರವಾಡದಿಂದ ಬಂದಿದ್ದ ನಮ್ಮತ್ತೆ ಬೆಳ್ಳುಳ್ಳಿಯನ್ನೂ ಮುಟ್ಟುವವರಲ್ಲ. ಒಂದು ಶನಿವಾರ ಮಧ್ಯಾಹ್ನ ಅವರು ಮಲಗಿದ್ದಾಗ ನಾನು ಅಡುಗೆಮನೆಯ ಸಿಂಕಿನಲ್ಲಿ ಪಿಸ್ತೂಲಿನ ನಳಿಗೆ ಉಜ್ಜುತ್ತಿದ್ದೆ. ಅತ್ತೆ ಎದ್ದು, ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ಬಂದು ನಿಂತರು.

“ಅಳಿಯಂದಿರ, ಖರೇ ಹೇಳ್ರಿ. ಈ ಮನ್ಯಾಗ ತತ್ತಿ ಬೇಯಿಸೀರೇನು?”

“ಇಲ್ಲ ಅತ್ತೆ, ಮೊಟ್ಟೆ ಅಲ್ಲ...” ಎನ್ನುತ್ತಾ ಪಿಸ್ತೂಲನ್ನು ಬೆನ್ನ ಹಿಂದೆ ಅಡಗಿಸಿದೆ. ಅವರ ಪ್ರಕಾರ ನಾನು ಶನಿವಾರ ಗಾಲ್ಫ್ ಆಡುತ್ತಿದ್ದೆ. ನಿಜ ಗೊತ್ತಾದರೆ ಅಮ್ಮ ಮುಂದಿನ ಫ್ಲೈಟಿಗೇ ತನ್ನನ್ನೂ ಕರೆದುಕೊಂಡು ಹೊರಡುತ್ತಾಳೆ ಎಂದು ಹೆಂಡತಿ ಹೆದರಿಸಿಟ್ಟಿದ್ದಳು.

“ಕೈಯಾಗ ಏನದು? ತೋರಸ್ರಿ.”

ನೊರೆ ಸುರಿಯುತ್ತಿದ್ದ ಪಿಸ್ತೂಲನ್ನು ಮುಂದೆ ಹಿಡಿದೆ. ಅತ್ತೆ ಸೆರಗು ಇಳಿಸಿ ಉಸಿರು ಬಿಟ್ಟರು.

“ಪಿಸ್ತೂಲೇನು? ಸದ್ಯ! ನಾ ಎಷ್ಟ್ ಅಂಜಿದ್ದೆ ನೋಡ್ರಿ.”

ಅವರು ಊರಿಗೆ ಹೊರಡುವವರೆಗೂ, ಆಮ್ಲೆಟ್ ಮಾಡಿಕೊಳ್ಳುವ ಮೊದಲು ನಾನು ಮರೆಯದೆ ಪಿಸ್ತೂಲು ತಂದು ಸಿಂಕಿನ ಪಕ್ಕ ಇಡುತ್ತಿದ್ದೆ.