ಬಂಡೆಯನ್ನು ತಬ್ಬಬೇಡ ಅಕ್ಕಾ

ಒಕ್‌ಬುನ್ ಅಕ್ಕನಿಗೆ ಏಣಿ ಹತ್ತುವುದೆಂದರೂ ಭಯ. ಸಿಯೋಲ್‌ನ ಬಟ್ಟೆ ಪೇಟೆಯಲ್ಲಿ ಅವಳದು ಪ್ಯಾಂಟಿನ ಅಂಚು ಹೊಲಿದುಕೊಡುವ ಪುಟ್ಟ ಅಂಗಡಿ. ಅಲ್ಲಿ ಬಲ್ಬು ಕೆಟ್ಟರೆ ಪಕ್ಕದ ಗುಂಡಿ ಮಾರುವವನೇ ಬಂದು ಹಾಕಿಕೊಡಬೇಕು. ಅಂಥವಳು ಅರವತ್ತಕ್ಕೆ ಹತ್ತಿರವಾದಾಗ ಇನ್ಸುಬೊಂಗ್ ಬಂಡೆ ಹತ್ತುತ್ತೇನೆಂದು ನಮ್ಮ ಬಂಡೆ ಹತ್ತುವವರ ಸಂಘಕ್ಕೆ ಬಂದಳು. ಯಾರೂ ನಗಲಿಲ್ಲ. ಅವಳ ಒಬ್ಬನೇ ಮಗ ತೆಹಾ ಅದೇ ಬಂಡೆಯ ಮೇಲೆ ತೀರಿಕೊಂಡು ಒಂದು ಚಳಿಗಾಲವಷ್ಟೇ ಕಳೆದಿತ್ತು.

ಬೆಟ್ಟದ ಬುಡದಲ್ಲಿ ನೂಡಲ್ಸ್ ಅಂಗಡಿ ಇಟ್ಟುಕೊಂಡವಳು ನಾನು. ಭಾನುವಾರ ಬಂಡೆ, ಉಳಿದ ದಿನ ಒಲೆ. ನಮ್ಮ ಸಂಘದಲ್ಲಿ ಒಂದೇ ಹಗ್ಗದ ಎರಡು ತುದಿಗೆ ಕಟ್ಟಿಕೊಂಡವರು ಒಡಹುಟ್ಟಿದವರಿಗಿಂತ ಹೆಚ್ಚು. ಒಬ್ಬ ಸತ್ತರೆ ಇನ್ನೊಬ್ಬ ಅವನ ಚೀಲ ಹೊತ್ತು ಅವನ ಮನೆಗೆ ಹೋಗಬೇಕು, ಕೊನೆಯ ಮಾತು ಏನಿತ್ತೋ ಅದನ್ನು ಮನೆಯವರಿಗೆ ಒಪ್ಪಿಸಬೇಕು. ತೆಹಾನ ಹಗ್ಗ ಹಿಡಿದಿದ್ದವನು ಸಂಘದ ಹಿರಿಯ ಮೆಂಗಣ್ಣ. ಚೀಲ ಹೊತ್ತು ಹೋದಾಗ ಜೊತೆಯಲ್ಲಿ ನಾನೂ ಇದ್ದೆ. "ಅಮ್ಮಾ ಅಂತ ಕರೆದ," ಎಂದು ಮೆಂಗಣ್ಣ ತಲೆ ತಗ್ಗಿಸಿ ಹೇಳಿದ. ಆ ತಾಯಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡೆ ನಾನು, ಪೆದ್ದಿ.

"ನಿಂಗ್ಯಾಕಕ್ಕಾ ಈ ಉಸಾಬರಿ?" ಎಂದು ಮೊದಲ ದಿನವೇ ಕೇಳಿದ್ದೆ.

"ಅವನು ನಿಂತಿದ್ದ ಜಾಗದಲ್ಲಿ ನಾನೂ ಒಂದ್ಸಲ ನಿಲ್ಬೇಕು ಕಣೆ. ಎಷ್ಟು ಹೆದರಿದ್ದನೋ ಏನೋ ನನ್ನ ಕೂಸು, ಅದು ನಂಗೆ ಗೊತ್ತಾಗ್ಬೇಕು. ಮಿಷನ್ ತುಳಿಯೋವಾಗ್ಲೂ ಕಿವೀಲಿ ಅದೇ. ಅಮ್ಮಾ, ಅಮ್ಮಾ."

ಅವಳ ಸಂಕಟ ಆಗ ಅರ್ಥವಾಯಿತು. ತೆಹಾ ಮೂವತ್ತು ದಾಟಿದ ಗಂಡಸು, ಆದರೆ ಜಿರಳೆ ಕಂಡರೆ "ಅಮ್ಮಾ" ಎಂದು ಕಿರುಚುತ್ತಿದ್ದ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗಲೂ ಅದೇ ಕೂಗು. ಅದಕ್ಕೆ ನಾವು ಅವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಖುಷಿಯಲ್ಲಿದ್ದಾಗ ಅವನಿಗೆ ಅಮ್ಮನ ನೆನಪೇ ಇರುತ್ತಿರಲಿಲ್ಲ.

ಇನ್ಸುಬೊಂಗ್‌ನಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಬೋಳು ಇಳಿಜಾರು. ಬೂಟಿನ ರಬ್ಬರು ಕಲ್ಲನ್ನು ಕಚ್ಚಬೇಕಾದರೆ ಎದೆಯನ್ನು ಬಂಡೆಯಿಂದ ದೂರ ಇಟ್ಟು ಭಾರವನ್ನೆಲ್ಲ ಪಾದಕ್ಕೆ ಬಿಡಬೇಕು. ಹೆದರಿದವರು ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಬಂಡೆಯನ್ನು ತಬ್ಬಿಕೊಳ್ಳುತ್ತಾರೆ, ಪಾದ ಜಾರುತ್ತದೆ. ಅಕ್ಕ ಪ್ರತಿ ಭಾನುವಾರ ತಬ್ಬಿಕೊಂಡಳು, ಪ್ರತಿ ಭಾನುವಾರ ಜಾರಿ ಹಗ್ಗಕ್ಕೆ ನೇತುಬಿದ್ದಳು.

"ತಬ್ಬಬೇಡ ಅಕ್ಕಾ! ಅದೇನು ನಿನ್ನ ಗಂಡನಾ?" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

"ಗಂಡನ್ನ ಇಷ್ಟೊಂದು ತಬ್ಬಿದ್ದಿದ್ರೆ ಅವನು ಓಡಿಹೋಗ್ತಾನೇ ಇರ್ಲಿಲ್ಲ ಬಿಡೆ!"

ಕಾಲು ತಡೆಯಲಾರದೆ ಗಡಗಡ ನಡುಗುವುದನ್ನು ನಾವು ಬೈಕು ಓಡಿಸುವುದು ಎನ್ನುತ್ತೇವೆ. ಅಕ್ಕನ ಬೈಕಿಗೆ ಬ್ರೇಕೇ ಇರಲಿಲ್ಲ. ಮೊಣಕಾಲು ತರಚಿಕೊಂಡು ನನ್ನ ಅಂಗಡಿಗೆ ಬಂದು, ಬಿಸಿ ನೂಡಲ್ಸ್ ಮುಂದಿಟ್ಟುಕೊಂಡು ಅಳುತ್ತಿದ್ದಳು. ಮುಂದಿನ ವಾರ ಮತ್ತೆ ಹಾಜರು. ನನಗೆ ಒಮ್ಮೊಮ್ಮೆ ಅವಳ ಮೇಲೆ ಸಿಟ್ಟೇ ಬರುತ್ತಿತ್ತು.

ಹೀಗೇ ಎರಡು ವರ್ಷ ಕಳೆದ ಮೇಲೆ ಒಂದು ದಿನ ಅವಳು ಜಾರಲಿಲ್ಲ. ಹೇಗೆಂದು ಕೇಳಿದೆ.

"ಭಯ ಎಲ್ಲೂ ಹೋಗಿಲ್ಲ, ಪಕ್ಕದಲ್ಲೇ ಕೂತಿದೆ. ಕೂತ್ಕೊಳ್ಳಿ ಬಿಡು. ಹೊಲಿಯೋವಾಗ ಪೂರ್ತಿ ಪ್ಯಾಂಟ್ ನೋಡ್ತೀನಾ ನಾನು? ಸೂಜಿ ಮುಂದಿನ ಒಂದು ಬೆರಳಷ್ಟು ಬಟ್ಟೆ ನೋಡ್ತೀನಿ. ಇಲ್ಲೂ ಅಷ್ಟೆ. ಕಾಲಿಡೋ ಜಾಗ, ಅಷ್ಟೆ."

ಆ ವಸಂತದಲ್ಲಿ ಬೆಟ್ಟದ ಪೂಜೆ ಮುಗಿಸಿದೆವು. ಹಂದಿಯ ತಲೆ ಇಟ್ಟು, ಸತ್ತವರ ಹೆಸರು ಕೂಗಿ, ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಮಕ್ಕೊಲ್ಲಿ, ಅಂದರೆ ಅಕ್ಕಿಯ ಹೆಂಡ, ನೆಲಕ್ಕೆ ಸುರಿದೆವು. ತೆಹಾನ ಹೆಸರು ಬಂದಾಗ ಮೆಂಗಣ್ಣನ ಕೈಯ ಹೆಂಡ ನೆಲಕ್ಕಿಂತ ಅವನ ಬೂಟಿನ ಮೇಲೇ ಹೆಚ್ಚು ಬಿತ್ತು. ಆಮೇಲೆ ಅವನು ಮುಂದೆ, ಅಕ್ಕ ನಡುವೆ, ನಾನು ಕೊನೆಯಲ್ಲಿ ಹತ್ತಿದೆವು. ಅಕ್ಕ ಎಲ್ಲೂ ತಬ್ಬಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಓಣಿಯಲ್ಲಿ ನಡೆದಂತೆ ಹೋದಳು.

ತೆಹಾ ಕೊನೆಯದಾಗಿ ನಿಂತಿದ್ದ ಕಲ್ಲಿನ ಅಂಚಿಗೆ ನಾನು ತಲುಪುವಷ್ಟರಲ್ಲಿ ಅವಳು ಕೂತು ಬಿಕ್ಕುತ್ತಿದ್ದಳು.

"ಏನಾಯ್ತಕ್ಕಾ?"

"ಅವನು ನೆನಪಾಗ್ಲೇ ಇಲ್ಲ ಕಣೆ. ಕೆಳಗಿಂದ ಇಲ್ಲೀತನಕ ಒಂದ್ಸಲಾನೂ ಇಲ್ಲ. ಬರೀ ಕಾಲು, ಆಮೇಲೆ ಇನ್ನೊಂದು ಕಾಲು. ಹೆತ್ತ ಮಗ ಸತ್ತ ಜಾಗಕ್ಕೆ ಬರ್ತಾ ಇದೀನಿ, ಅವನೇ ನೆನಪಿಲ್ಲ. ಎಂಥಾ ತಾಯಿ ನಾನು!"

ಅಕ್ಕ ಕಣ್ಣೊರೆಸಿಕೊಂಡು ಮೆಂಗಣ್ಣನ ಕಡೆ ತಿರುಗಿದಳು.

"ಮೆಂಗಣ್ಣಾ, ಈ ಬಂಡೆ ಮೇಲೆ ಯಾರೂ ನೆನಪಿಗೆ ಬರಲ್ಲ. ನಿಜ ಹೇಳು. ಅವನು ನನ್ನ ಕರೆದ್ನಾ?"

ಮೆಂಗಣ್ಣ ಬಿಗಿಯಾಗಿದ್ದ ಗಂಟನ್ನೇ ಮತ್ತೆ ಬಿಗಿ ಮಾಡಿದ.

"ಇಲ್ಲಮ್ಮಾ. ಎಡಗಾಲು ಎತ್ತಿ ಇಡ್ತಾ ಇದ್ದ. ಶಿಳ್ಳೆ ಹಾಕ್ತಾ ಇದ್ದ. ಮೇಲಿಂದ ಕಲ್ಲು ಬಂದು ಬಡೀತು. ಒಂದು ಮಾತೂ ಆಡ್ಲಿಲ್ಲ." ಅವನು ಇನ್ನೊಮ್ಮೆ ಆ ಗಂಟನ್ನು ಎಳೆದು ನೋಡಿದ. "ಬರೀ ಚೀಲ ಹೊತ್ಕೊಂಡು ನಿನ್ನ ಬಾಗಿಲಿಗೆ ಹೆಂಗಮ್ಮಾ ಬರ್ಲಿ? ಸಮಾಧಾನ ಆಗ್ಲಿ ಅಂತ ಹೇಳ್ದೆ."

ಕೈಯೆತ್ತಿ ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ನಾನು ತಡೆಯುತ್ತಿರಲಿಲ್ಲ.

"ಕರೀಲಿಲ್ಲ," ಎಂದಳು ಅಕ್ಕ. ಇನ್ನೊಮ್ಮೆ, ತನಗೇ ಹೇಳಿಕೊಂಡಂತೆ, "ನನ್ನ ಕರೀಲಿಲ್ಲ. ಶಿಳ್ಳೆ ಹಾಕ್ತಿದ್ದ." ಮುಖ ಅಳುತ್ತಲೇ ಇತ್ತು. "ಹಾಗಾದ್ರೆ ನನ್ನ ಮಗನಿಗೆ ಭಯ ಆಗಿರ್ಲಿಲ್ಲ."

ಆಮೇಲೆ ತಿರುಗಿ, ಕಲ್ಲಿಗೆ ಕೆನ್ನೆ ಒತ್ತಿ, ಎರಡೂ ಕೈ ಚಾಚಿ ಬಂಡೆಯನ್ನು ತಬ್ಬಿಕೊಂಡಳು. ಆ ಸಲ ನಾನು ಬೈಯಲಿಲ್ಲ.